ಆಸ್ಪತ್ರೆ ಬದಲಾದಾಗಲೆಲ್ಲ ಹೊಸ ಎಕ್ಸ್‌ರೇ ಯಾಕೆ? ಹಳೇ ಫಿಲಂ ಯಾಕೆ ಆಗಲ್ಲ?

ಗುಬ್ಬಿ ಗೇಟ್ ನಿವಾಸಿ
ಅಮ್ಮನಿಗೆ ಅರವತ್ತು ದಾಟಿದೆ. ಕೆಮ್ಮು ಹಿಡಿದದ್ದು ಬಿಡುತ್ತಲೇ ಇಲ್ಲ. ಮನೆ ಹತ್ತಿರದ ಕ್ಲಿನಿಕ್‌ನವರು ಎದೆ ಎಕ್ಸ್‌ರೇ ಬರೆದುಕೊಟ್ಟರು. ಬಿ.ಎಚ್. ರಸ್ತೆಯ ಒಂದು ಲ್ಯಾಬ್‌ನಲ್ಲಿ ತೆಗೆಸಿದೆವು. ಆ ಫಿಲಂ ಹಿಡಿದುಕೊಂಡು ದೊಡ್ಡ ಆಸ್ಪತ್ರೆಗೆ ಹೋದರೆ ಕವರಿನಿಂದ ಹೊರಗೂ ತೆಗೆಯಲಿಲ್ಲ. "ನಮ್ಮಲ್ಲೇ ತೆಗೆಸಿ" ಅಂದರು. ಅಮ್ಮನಿಗೆ ಸುಸ್ತಾಗಿತ್ತು, ಮಲಗಿಸಿಯೇ ತೆಗೆದರು. ರಿಪೋರ್ಟ್‌ನಲ್ಲಿ ಹೃದಯ ಸ್ವಲ್ಪ ದೊಡ್ಡದಾಗಿದೆ ಅಂತ ಬಂದಿದೆ. ಮೊದಲ ರಿಪೋರ್ಟ್‌ನಲ್ಲಿ ಹೃದಯದ ಬಗ್ಗೆ ಏನೂ ಇಲ್ಲ! ಈಗ ಹೃದಯದ ಡಾಕ್ಟರ್ ಹತ್ತಿರ ಹೋಗಿ ಅನ್ನುತ್ತಿದ್ದಾರೆ. ಅಲ್ಲಿ ಮತ್ತೆ ಎಕ್ಸ್‌ರೇ ಅಂತೆ.

ಇಷ್ಟೆಲ್ಲ ಕಿರಣ ಮೈಗೆ ಬಿದ್ದರೆ ತೊಂದರೆ ಇಲ್ವಾ? ಹೃದಯ ಅಷ್ಟು ಬೇಗ ದೊಡ್ಡದಾಗುತ್ತಾ? ತಿಳಿದವರು ಹೇಳಿ.

ತಿಪಟೂರು ತೆಂಗು
ಕಮಿಷನ್ ಸ್ವಾಮಿ, ಕಮಿಷನ್. ಇನ್ನೇನಿಲ್ಲ.

ಕಲ್ಪತರು ನಾಡು
+1. ರಕ್ತ ಪರೀಕ್ಷೆದೂ ಇದೇ ಕಥೆ.

ಡಾರ್ಕ್‌ರೂಂ ಮಾವ
ಕಮಿಷನ್ ಎಲ್ಲೂ ಇಲ್ಲ ಅಂತ ನಾನು ಹೇಳಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಎಕ್ಸ್‌ರೇ ಟೆಕ್ನಿಷಿಯನ್ ಆಗಿದ್ದು ನಿವೃತ್ತನಾದವನು, ಎಲ್ಲ ನೋಡಿದ್ದೇನೆ. ಆದರೆ ತಾಯಿಯವರ ವಿಷಯದಲ್ಲಿ ಬೇರೆ ಏನೋ ಇದೆ ಅನ್ನಿಸುತ್ತಿದೆ.

ನಿಲ್ಲಿಸಿ ತೆಗೆಯುವಾಗ ಎದೆಯನ್ನು ಕ್ಯಾಸೆಟ್‌ಗೆ, ಅಂದರೆ ಫಿಲಂ ಇರುವ ಚಪ್ಪಟೆ ಪೆಟ್ಟಿಗೆಗೆ, ಒತ್ತಿ ನಿಲ್ಲಿಸುತ್ತೇವೆ. ಕಿರಣ ಬಿಡುವ ಟ್ಯೂಬ್ ಬೆನ್ನ ಹಿಂದೆ, ಆರು ಅಡಿ ದೂರ. ಕಿರಣ ಬೆನ್ನಿಂದ ಹೊಕ್ಕು ಎದೆಯಿಂದ ಹೊರಗೆ ಬರುತ್ತದೆ. ಇದು ಪಿ.ಎ. ಮಲಗಿಸಿ ತೆಗೆದರೆ ಎಲ್ಲ ತಲೆಕೆಳಗು. ಕ್ಯಾಸೆಟ್ ಬೆನ್ನ ಕೆಳಗೆ, ಟ್ಯೂಬ್ ಎದೆ ಮೇಲೆ, ಅದೂ ಹತ್ತಿರದಲ್ಲಿ. ಇದು ಎ.ಪಿ. ಹೃದಯ ಇರುವುದು ಎದೆ ಕಡೆಗೆ ಅಲ್ವಾ? ಹಾಗಾಗಿ ಎ.ಪಿ.ಯಲ್ಲಿ ಹೃದಯಕ್ಕೂ ಕ್ಯಾಸೆಟ್‌ಗೂ ಅಂತರ ಜಾಸ್ತಿ. ಕರೆಂಟ್ ಹೋದಾಗ ಮಕ್ಕಳು ಮೇಣದಬತ್ತಿ ಮುಂದೆ ಕೈ ಹಿಡಿದು ಗೋಡೆ ಮೇಲೆ ಜಿಂಕೆ ಮಾಡುತ್ತಾರಲ್ಲ, ಕೈ ಬತ್ತಿಗೆ ಹತ್ತಿರ ಬಂದಷ್ಟೂ ಜಿಂಕೆ ದೊಡ್ಡದಾಗುತ್ತದೆ. ಇದೂ ನೆರಳೇ.

ಹೃದಯದ ಅಗಲ ಎದೆಗೂಡಿನ ಒಳಗಿನ ಅಗಲದ ಅರ್ಧ ದಾಟಬಾರದು ಅನ್ನುವ ಲೆಕ್ಕ ಇದೆ. ಅದು ನಿಂತು ತೆಗೆದ ಪಿ.ಎ.ಗೆ. ಮಲಗಿಸಿ ತೆಗೆದ ಫಿಲಂಗೆ ಅದೇ ಅಳತೆಪಟ್ಟಿ ಇಟ್ಟರೆ ಅರ್ಧ ಊರಿಗೆ ಹೃದಯ ದೊಡ್ಡದಾಗಿರುತ್ತದೆ. ಫಿಲಂ ಮೂಲೆಯಲ್ಲಿ ಏನು ಬರೆದಿದೆ ನೋಡಿ.

ಗುಬ್ಬಿ ಗೇಟ್ ನಿವಾಸಿ
ನೋಡಿದೆ ಮಾವ. ಎರಡನೇದರಲ್ಲಿ 'ಎ.ಪಿ. ಸುಪೈನ್' ಅಂತ ಇದೆ. ಮೊದಲನೇದರಲ್ಲಿ 'ಪಿ.ಎ.' ಅಂತಿದೆ.

ಡಾರ್ಕ್‌ರೂಂ ಮಾವ
ಸುಪೈನ್ ಅಂದರೆ ಅಂಗಾತ ಮಲಗಿಸಿದ್ದು. ಹಾಗಂತ ಹೃದಯ ಚೆನ್ನಾಗಿದೆ ಅಂತ ನಾನು ಸರ್ಟಿಫಿಕೇಟ್ ಕೊಡುವುದಿಲ್ಲ, ನಾನು ಡಾಕ್ಟರ್ ಅಲ್ಲ. ಡಾಕ್ಟರ್ ಹತ್ತಿರ ಎರಡೂ ಫಿಲಂ ಪಕ್ಕಪಕ್ಕ ಇಟ್ಟು ಕೇಳಿ. ಅನುಮಾನ ಇದ್ದರೆ ಎಕೋ ಮಾಡಿಸುತ್ತಾರೆ. ಅದರಲ್ಲಿ ಬರೀ ಶಬ್ದದ ಅಲೆ, ಕಿರಣವೇ ಇಲ್ಲ. ಇನ್ನೊಂದು ಎಕ್ಸ್‌ರೇಗಿಂತ ಅದೇ ವಾಸಿ.

ಮಧುಗಿರಿ ಮೇಷ್ಟ್ರು
ಪಿ.ಯು. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಕಿರಣದ ಪ್ರಶ್ನೆಗೆ ಲೆಕ್ಕದಲ್ಲೇ ಉತ್ತರ ಕೊಡುತ್ತೇನೆ.

ಒಂದು ಎದೆ ಎಕ್ಸ್‌ರೇಯಿಂದ ಮೈಗೆ ಬೀಳುವುದು ಸುಮಾರು 0.02 ಮಿಲಿಸೀವರ್ಟ್ (ಮೈಗೆ ಬಿದ್ದ ಕಿರಣದ ಅಳತೆ). ಏನೂ ಮಾಡದೆ ಮನೆಯಲ್ಲಿ ಕೂತರೂ ನೆಲ, ಗೋಡೆ, ಗಾಳಿ, ಆಕಾಶ, ತಿನ್ನುವ ಅನ್ನ ಎಲ್ಲ ಸೇರಿ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್ ಬೀಳುತ್ತದೆ. ಇದು ಜಗತ್ತಿನ ಸರಾಸರಿ. ಅಂದರೆ ಒಂದು ಎದೆ ಎಕ್ಸ್‌ರೇ ಸುಮಾರು ಮೂರು ದಿನ ಬದುಕಿದ್ದಕ್ಕೆ ಸಮ. ಆಮೇಲೆ ಎಕ್ಸ್‌ರೇ ಮೈಯಲ್ಲಿ ಉಳಿದುಕೊಳ್ಳುವುದಿಲ್ಲ. ಸ್ವಿಚ್ ಬಿಟ್ಟ ಕ್ಷಣವೇ ಕಿರಣ ಮುಗಿಯಿತು.

ಸೊಂಟದ ಎಕ್ಸ್‌ರೇ ಬೇರೆ, ಅದು ಸುಮಾರು 1.5. ಇನ್ನು ಎದೆಯ ಸಿ.ಟಿ. ಸ್ಕ್ಯಾನ್ ಅಂದರೆ 6-7 ಮಿಲಿಸೀವರ್ಟ್. ಮುನ್ನೂರು ಎದೆ ಎಕ್ಸ್‌ರೇಗೆ ಸಮ! ಜನ ಎಕ್ಸ್‌ರೇಗೆ ಹೆದರುತ್ತಾರೆ. "ಸ್ಕ್ಯಾನಿಂಗ್ ಬರ್ಕೊಡಿ ಡಾಕ್ಟ್ರೇ" ಅಂತ ತಾವೇ ಕೇಳಿ ಸಿ.ಟಿ. ಮಾಡಿಸಿಕೊಳ್ಳುತ್ತಾರೆ. ಉಲ್ಟಾ ಅಲ್ವಾ?

ತಿಪಟೂರು ತೆಂಗು
ಮೇಷ್ಟ್ರೇ, ಕಡಿಮೆ ಅಂದರೆ ಸೊನ್ನೆ ಅಲ್ಲ. ಏನೂ ಆಗಲ್ಲ ಅಂದರೆ ಟೆಕ್ನಿಷಿಯನ್ ಯಾಕೆ ಗುಂಡಿ ಒತ್ತುವಾಗ ಗೋಡೆ ಹಿಂದೆ ಓಡಿಹೋಗುತ್ತಾನೆ?

ಡಾರ್ಕ್‌ರೂಂ ಮಾವ
ಯಾಕೆಂದರೆ ನೀವು ವರ್ಷಕ್ಕೊಮ್ಮೆ ಬರುತ್ತೀರಿ, ನಾನು ದಿನಾ ಬೆಳಗ್ಗೆಯಿಂದ ಸಂಜೆವರೆಗೆ ಅಲ್ಲೇ ಇರುತ್ತೇನೆ ಯಜಮಾನ್ರೇ.

ಮಧುಗಿರಿ ಮೇಷ್ಟ್ರು
ಸೊನ್ನೆ ಅಂತ ನಾನೂ ಹೇಳಿಲ್ಲ. ಎಷ್ಟೇ ಸಣ್ಣ ಪ್ರಮಾಣ ಆದರೂ ಅಷ್ಟು ಸಣ್ಣ ಅಪಾಯ ಇದೆ ಅಂದುಕೊಂಡೇ ನಿಯಮ ಮಾಡಿದ್ದಾರೆ. ಬೇಕಿಲ್ಲದ ಎಕ್ಸ್‌ರೇ ಒಂದೂ ಬೇಡ. ಬೇಕಾದ್ದು ಹತ್ತಾದರೂ ತೆಗೆಸಿ. ಗರ್ಭಿಣಿ ಆಗಿದ್ದರೆ, ಅಥವಾ ಆಗಿರಬಹುದು ಅಂತ ಅನುಮಾನ ಇದ್ದರೆ, ಮೊದಲೇ ಹೇಳಬೇಕು.

ಹೆದರಿಕೆಗೆ ಕಾರಣ ಹಳೇ ಕಥೆಗಳೂ ಇವೆ. ರಾಂಟ್‌ಜನ್ ಜರ್ಮನಿಯ ವೂರ್ಟ್ಸ್‌ಬರ್ಗ್‌ನಲ್ಲಿ ಈ ಕಿರಣ ಕಂಡದ್ದು 1895ರ ನವೆಂಬರ್ 8ಕ್ಕೆ. ಡಿಸೆಂಬರ್‌ನಲ್ಲಿ ಹೆಂಡತಿಯ ಕೈ ಚಿತ್ರ ತೆಗೆದ. ಬೆರಳಿನ ಮೂಳೆ, ಅದರ ಮೇಲೆ ಉಂಗುರ. ಪೇಟೆಂಟ್ ಮಾಡಿಸಿಕೊಳ್ಳಲಿಲ್ಲ. ಹಾಗಾಗಿ ಮುಂದಿನ ವರ್ಷವೇ ಲೋಕದ ತುಂಬ ಎಕ್ಸ್‌ರೇ ಹುಚ್ಚು. ಎಡಿಸನ್ ಹತ್ತಿರ ಕ್ಲಾರೆನ್ಸ್ ಡಾಲಿ ಅಂತ ಒಬ್ಬ ಸಹಾಯಕ ಇದ್ದ. ಟ್ಯೂಬ್ ಸರಿ ಇದೆಯಾ ಅಂತ ನೋಡುವುದಕ್ಕೆ ದಿನಾ ತನ್ನ ಕೈಯನ್ನೇ ಒಡ್ಡುತ್ತಿದ್ದ. ಕೈ ಸುಟ್ಟು ಹುಣ್ಣಾಯಿತು, ಕ್ಯಾನ್ಸರ್ ಆಯಿತು, ಕೈ ಕತ್ತರಿಸಿದರು. 1904ರಲ್ಲಿ ತೀರಿಕೊಂಡ. ಎಡಿಸನ್ ಆಮೇಲೆ ಎಕ್ಸ್‌ರೇ ಕೆಲಸವನ್ನೇ ಬಿಟ್ಟ.

ಶಿರಾ ಸೀಮೆ
ಅಮೆರಿಕ, ಜರ್ಮನಿ ಎಲ್ಲ ಸರಿ. ನಮ್ಮ ಕಡೆದು ಒಂದು ಕೇಳಿ. ನಮ್ಮಜ್ಜಿ ಹೇಳುತ್ತಿದ್ದರು, ಅವರು ಮದುವೆಯಾಗಿ ಬಂದ ಹೊಸದರಲ್ಲಿ ಊರಿಗೆ ಎಕ್ಸ್‌ರೇ ಗಾಡಿ ಬಂದಿತ್ತಂತೆ. ಮನೆಮನೆಗೂ ಬಂದು ಎಲ್ಲರ ಹೆಸರು ಬರೆದುಕೊಂಡು, ಸಾಲಾಗಿ ನಿಲ್ಲಿಸಿ ಎದೆ ಫೋಟೋ ಹಿಡಿದರಂತೆ. ಕಾಯಿಲೆ ಇಲ್ಲದವರಿಗೂ! ಹೆಂಗಸರು ಹೆದರಿ ಹೊಲಕ್ಕೆ ಓಡಿಹೋಗಿದ್ದರಂತೆ. ನಾವು ಅಜ್ಜಿ ಕಥೆ ಕಟ್ಟುತ್ತಾಳೆ ಅಂದುಕೊಂಡಿದ್ದೆವು. ಹಳ್ಳಿಗೆ ಕರೆಂಟೇ ಇಲ್ಲದ ಕಾಲದಲ್ಲಿ ಎಕ್ಸ್‌ರೇನಾ?

ನಿವೃತ್ತ ಎಚ್.ಐ.
ಕಥೆ ಅಲ್ಲ ಕಣಪ್ಪ, ನಿಜ. ಅಜ್ಜಿಗೆ ನನ್ನ ನಮಸ್ಕಾರ ಹೇಳಿ. ನಾನು ಹೆಲ್ತ್ ಇನ್‌ಸ್ಪೆಕ್ಟರ್ ಆಗಿ ಆರೋಗ್ಯ ಇಲಾಖೆಗೆ ಸೇರಿದಾಗ ಹಿರಿಯರು ಈ ಸರ್ವೆ ಬಗ್ಗೆ ಹೆಮ್ಮೆಯಿಂದ ಹೇಳುತ್ತಿದ್ದರು.

ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾದದ್ದು 1959ರಲ್ಲಿ. ಅವರು 1960-61ರಲ್ಲಿ ದೊಡ್ಡ ಸರ್ವೆಗೆ ಆರಿಸಿಕೊಂಡದ್ದು ನಮ್ಮ ತುಮಕೂರು ಜಿಲ್ಲೆಯನ್ನೇ. ಚೀಟಿ ಎತ್ತಿದ ಹಾಗೆ ಹಳ್ಳಿಗಳನ್ನು ಆರಿಸಿ, ಊರಿನಲ್ಲಿ ಇರುವವರನ್ನೆಲ್ಲ ಪರೀಕ್ಷೆ ಮಾಡಿದರು. ಕ್ಷಯದ ಸೋಂಕು ತಗುಲಿದೆಯಾ ಅಂತ ನೋಡಲು ತೋಳಿಗೆ ಟ್ಯೂಬರ್ಕ್ಯುಲಿನ್ ಸೂಜಿ, ದೊಡ್ಡವರಿಗೆ ಎದೆ ಎಕ್ಸ್‌ರೇ, ಅನುಮಾನ ಬಂದವರ ಕಫ ಪರೀಕ್ಷೆ. ಗಾಡಿಯಲ್ಲೇ ಜನರೇಟರ್ ಇರುತ್ತಿತ್ತು. ಅದಕ್ಕೇ ಕರೆಂಟ್ ಬೇಕಿರಲಿಲ್ಲ.

ಫಿಲಂ ಕೂಡ ಈಗಿನ ದೊಡ್ಡ ಹಾಳೆ ಅಲ್ಲ. ಎದೆಯ ನೆರಳು ಒಂದು ಹೊಳೆಯುವ ಪರದೆ ಮೇಲೆ ಬೀಳುತ್ತದೆ, ಆ ಪರದೆಯನ್ನು ಕ್ಯಾಮೆರಾ ಪುಟಾಣಿ ಫಿಲಂ ಮೇಲೆ ಫೋಟೋ ತೆಗೆಯುತ್ತದೆ. ಇದನ್ನು 1936ರಲ್ಲಿ ಮಾಡಿದವನು ಬ್ರೆಜಿಲ್‌ನ ಡಾಕ್ಟರ್ ಮನುಯೆಲ್ ದೆ ಅಬ್ರೂ. ಸಿನಿಮಾ ರೀಲಿನ ಥರ ಒಂದೇ ಸುರುಳಿಯಲ್ಲಿ ಸಾಲಾಗಿ ಎಲ್ಲರ ಎದೆ. ಖರ್ಚು ಕಮ್ಮಿ, ಕೆಲಸ ಬೇಗ.

ಶಿರಾ ಸೀಮೆ
ಸಾರ್!! ಅಜ್ಜಿ ಇದ್ದಿದ್ದರೆ ಈಗಲೇ ಓದಿ ಹೇಳುತ್ತಿದ್ದೆ. ಆಮೇಲೆ ಏನಾಯಿತು? ಕ್ಷಯ ಸಿಕ್ಕಿತಾ?

ನಿವೃತ್ತ ಎಚ್.ಐ.
ಸಿಕ್ಕಿತು. ಪಟ್ಟಣದಷ್ಟೇ ಹಳ್ಳಿಯಲ್ಲೂ ಕ್ಷಯ ಇದೆ ಅನ್ನುವುದು ಪಕ್ಕಾ ಆಯಿತು. ಆದರೆ ಆಮೇಲೆ ನಡೆದದ್ದು ಅದಕ್ಕಿಂತ ದೊಡ್ಡದು. ಸರ್ವೆಯಲ್ಲಿ ಸಿಕ್ಕ ರೋಗಿಗಳ ಮನೆಗೆ ಬ್ಯಾನರ್ಜಿ, ಆಂಡರ್ಸನ್ ಅನ್ನುವ ಇಬ್ಬರು ಹೋಗಿ ಮಾತಾಡಿಸಿದರು. ನಿಮಗೆ ಕೆಮ್ಮು ಇತ್ತಾ, ಚಿಂತೆ ಆಗಿತ್ತಾ, ಏನು ಮಾಡಿದಿರಿ ಅಂತ. ಹೆಚ್ಚುಕಡಿಮೆ ಎಲ್ಲರಿಗೂ ತಮಗೆ ಹುಷಾರಿಲ್ಲ ಅಂತ ಗೊತ್ತಿತ್ತು. ಅರ್ಧಕ್ಕಿಂತ ಜಾಸ್ತಿ ಜನ ಆಗಲೇ ಯಾವುದೋ ಆಸ್ಪತ್ರೆಗೆ ಹೋಗಿಯೂ ಬಂದಿದ್ದರು. ಅಲ್ಲಿ ಕೆಮ್ಮಿನ ಬಾಟ್ಲಿ ಕೊಟ್ಟು ಕಳಿಸಿದ್ದರು, ಅಷ್ಟೇ! 1963ರಲ್ಲಿ ಅದು ಪ್ರಕಟವಾಯಿತು.

ಹಾಗಿದ್ದ ಮೇಲೆ ಎಕ್ಸ್‌ರೇ ಗಾಡಿ ಹಿಡಿದು ಊರೂರು ಸುತ್ತುವುದು ಯಾಕೆ? ಕೆಮ್ಮುತ್ತ ಆಸ್ಪತ್ರೆಗೆ ಬಂದವರ ಕಫವನ್ನು ಅಲ್ಲೇ ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ಸಾಕಲ್ಲ? 1962ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಇದೇ ದಾರಿ ಹಿಡಿಯಿತು. ನಮ್ಮ ಶಿರಾ, ಗುಬ್ಬಿ ಕಡೆಯ ರೈತರ ಮಾತನ್ನು ಕೇಳಿ ಇಡೀ ದೇಶದ ಕಾರ್ಯಕ್ರಮ ಗಟ್ಟಿಯಾಯಿತು ಅಂದರೆ ತಪ್ಪಿಲ್ಲ.

ಅದಕ್ಕೇ ಗುಬ್ಬಿ ಗೇಟ್‌ನವರೇ, ಹೃದಯದ ಗಲಾಟೆಯಲ್ಲಿ ಕೆಮ್ಮನ್ನು ಮರೆಯಬೇಡಿ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಆಗಲೇಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲ. ಎಕ್ಸ್‌ರೇಯಲ್ಲಿ ಕಲೆ ಕಂಡರೆ ಅದು ಕ್ಷಯವೇ ಅಂತ ಹೇಳಲಾಗದು. ಹಳೇ ಗಾಯದ ಕಲೆಯೂ ಹಾಗೇ ಕಾಣುತ್ತದೆ.

ಗುಬ್ಬಿ ಗೇಟ್ ನಿವಾಸಿ
ಕಫ ಪರೀಕ್ಷೆ ಮಾಡಿಸಿ ಅಂತ ಯಾರೂ ಹೇಳಿರಲಿಲ್ಲ ಸಾರ್. ನಾಳೆಯೇ ಹೋಗುತ್ತೇವೆ.

ನಿವೃತ್ತ ಎಚ್.ಐ.
ಬೆಳಗ್ಗೆ ಎದ್ದ ತಕ್ಷಣ ಬರುವ ಕಫ ಒಳ್ಳೆಯದು. ಎಂಜಲು ಅಲ್ಲ, ಎದೆಯಾಳದಿಂದ ಕೆಮ್ಮಿ ತೆಗೆದದ್ದು ಬೇಕು. ಡಬ್ಬಿ ಅವರೇ ಕೊಡುತ್ತಾರೆ.

ಬಿಳಿ ಕೋಟು
ಎಚ್.ಐ. ಸಾರ್ ಹೇಳಿದ್ದು ಮುಕ್ಕಾಲು ಪಾಲು ಸರಿ. ಉಳಿದ ಕಾಲು ಪಾಲಿಗೆ ನನ್ನ ತಕರಾರಿದೆ. (ಎಂ.ಬಿ.ಬಿ.ಎಸ್. ಮುಗಿಸಿದ್ದೇನೆ, ಪಿ.ಜಿ.ಗೆ ಓದುತ್ತಿದ್ದೇನೆ.)

2019-21ರಲ್ಲಿ ದೇಶದಾದ್ಯಂತ ಮತ್ತೆ ಕ್ಷಯದ ಸರ್ವೆ ಆಯಿತು. ಅದರಲ್ಲಿ ಸಿಕ್ಕ ರೋಗಿಗಳಲ್ಲಿ ಶೇ. 42.6ರಷ್ಟು ಜನ ಎಕ್ಸ್‌ರೇ ಇಲ್ಲದಿದ್ದರೆ ಕೈತಪ್ಪಿ ಹೋಗುತ್ತಿದ್ದರು. ಕೇಳಿದರೆ ಕೆಮ್ಮಿಲ್ಲ, ಜ್ವರ ಇಲ್ಲ ಅನ್ನುತ್ತಾರೆ. ಎದೆ ಎಕ್ಸ್‌ರೇಯಲ್ಲಿ ಮಾತ್ರ ಗೊತ್ತಾಯಿತು. ಕೆಮ್ಮು ಇದ್ದವರಲ್ಲೂ ಬಹಳಷ್ಟು ಜನ ಆಸ್ಪತ್ರೆಗೆ ಹೋಗಿರಲಿಲ್ಲ. ಕೆಮ್ಮಿದವರು ತಾವೇ ಬರುತ್ತಾರೆ ಅಂತ ಕಾಯುತ್ತ ಕೂರುವುದು ಸಾಲದು ಅಂತ ಆಯಿತಲ್ಲ? ಅದಕ್ಕೇ ಈಗ ಕ್ಷಯ ಅಭಿಯಾನದಲ್ಲಿ ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಯಂತ್ರ ಹೊತ್ತುಕೊಂಡು ಮತ್ತೆ ಹಳ್ಳಿಗೆ ಹೋಗುತ್ತಿದ್ದಾರೆ. ಬ್ಯಾಟರಿ ಮೇಲೆ ನಡೆಯುತ್ತದೆ. ಚಿತ್ರವನ್ನು ಕಂಪ್ಯೂಟರೇ ಮೊದಲು ನೋಡಿ ಅನುಮಾನ ಇದ್ದರೆ ಹೇಳುತ್ತದೆ.

ನಿವೃತ್ತ ಎಚ್.ಐ.
ಡಾಕ್ಟ್ರೇ, ಎಕ್ಸ್‌ರೇ ಬೇಡ ಅಂತ ಅವತ್ತೂ ಯಾರೂ ಅನ್ನಲಿಲ್ಲ. ತಾಲ್ಲೂಕಿಗೆ ಒಂದು ಯಂತ್ರ ಇಲ್ಲದ ದೇಶದಲ್ಲಿ ಇದ್ದ ದುಡ್ಡು ಎಲ್ಲಿಗೆ ಹಾಕಬೇಕು ಅನ್ನುವುದು ಪ್ರಶ್ನೆಯಾಗಿತ್ತು. ಬಂದವರಿಗೇ ಬಾಟ್ಲಿ ಕೊಟ್ಟು ಕಳಿಸುವಾಗ, ಬಾರದವರನ್ನು ಹುಡುಕಿಕೊಂಡು ಹೋಗಿ ಏನು ಮಾಡುತ್ತೀರಿ? ಕಂಡುಹಿಡಿದು ಮಾತ್ರೆ ಕೊಡದೆ ಬಿಟ್ಟರೆ ಅದಕ್ಕಿಂತ ಪಾಪ ಇಲ್ಲ.

ಬಿಳಿ ಕೋಟು
ಅದನ್ನು ಒಪ್ಪುತ್ತೇನೆ. ಆದರೆ ಆ ಲೆಕ್ಕ 1963ರದು. ಈಗ ಮಾತ್ರೆ ಇದೆ, ಯಂತ್ರ ಇದೆ. ಹಳೇ ವಾದ ಹಿಡಿದುಕೊಂಡು ಎಕ್ಸ್‌ರೇಯನ್ನು ಕೆಳಗಿಡುವುದು ಬೇಡ ಅಂದೆ ಅಷ್ಟೇ.

ಕಲ್ಪತರು ನಾಡು
ಇಬ್ಬರೂ ಕ್ಯಾತ್ಸಂದ್ರಕ್ಕೆ ಬನ್ನಿ, ತಟ್ಟೆ ಇಡ್ಲಿ ಮುಂದೆ ಇಟ್ಟುಕೊಂಡು ತೀರ್ಮಾನ ಮಾಡೋಣ. ಬಿಲ್ ತಿಪಟೂರಿನವರದು.

ತಿಪಟೂರು ತೆಂಗು
ನನ್ನನ್ನು ಯಾಕೆ ಎಳೆಯುತ್ತೀರಿ 😀

ಪಾವಗಡ ಬಿಸಿಲು
ಎದೆ ಬಿಡಿ, ನಮ್ಮ ಕಡೆ ಎಕ್ಸ್‌ರೇ ಅಂದರೆ ಮೂಳೆ. ನಮ್ಮ ತಂದೆಗೆ ಬೆನ್ನು ಬಗ್ಗುತ್ತಿರಲಿಲ್ಲ, ಕತ್ತು ತಿರುಗುತ್ತಿರಲಿಲ್ಲ. ಊರಲ್ಲಿ ಎಲ್ಲ ವಾತ ಅಂದರು. ಎಣ್ಣೆ ನೀವಿಸಿದ್ದೇ ನೀವಿಸಿದ್ದು. ಕೊನೆಗೆ ಒಬ್ಬ ಡಾಕ್ಟರ್ ಬೆನ್ನಿನ ಜೊತೆ ಮುಂಗೈ ಎಕ್ಸ್‌ರೇಯನ್ನೂ ಬರೆದರು. ಬೆನ್ನು ನೋವಿಗೆ ಕೈ ಯಾಕೆ ಅಂತ ನಾವೇ ಜಗಳ ಆಡಿದೆವು! ಫಿಲಂ ನೋಡಿದರೆ ಮೂಳೆಗಳು ಸುಣ್ಣ ಬಳಿದಷ್ಟು ಬೆಳ್ಳಗೆ. ಮುಂಗೈಯ ಎರಡು ಮೂಳೆಗಳ ನಡುವೆ ಇರುವ ಪೊರೆಯೂ ಗಟ್ಟಿಯಾಗಿ ಮುಳ್ಳುಮುಳ್ಳಾಗಿ ಕಾಣುತ್ತಿತ್ತು. ಫ್ಲೋರೋಸಿಸ್ ಅಂದರು. ಬೋರ್‌ವೆಲ್ ನೀರು.

ಬಿಳಿ ಕೋಟು
ಆ ಡಾಕ್ಟರ್ ಬಲೇ ಜಾಣರು. ಮುಂಗೈಯ ಆ ಪೊರೆ ಗಟ್ಟಿಯಾಗುವುದೇ ಎಲುಬಿನ ಫ್ಲೋರೋಸಿಸ್‌ನ ಗುರುತು. ನಮ್ಮ ದೇಶದಲ್ಲಿ ಇದನ್ನು ಮೊದಲು ಗುರುತಿಸಿದ್ದು 1937ರಲ್ಲಿ, ನೆಲ್ಲೂರು ಕಡೆ. ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಪಾವಗಡ, ಬಾಗೇಪಲ್ಲಿ, ಗುಡಿಬಂಡೆ ಕಡೆ ಎಷ್ಟೋ ಬೋರ್‌ವೆಲ್‌ಗಳಲ್ಲಿ ಅದು ದಾಟಿದೆ. ಎಕ್ಸ್‌ರೇಯಲ್ಲಿ ಕಾಣುವಷ್ಟಾದ ಮೇಲೆ ಮೂಳೆ ಮೊದಲಿನ ಹಾಗೆ ಆಗುವುದು ಕಷ್ಟ. ನೀರು ಬದಲಾಯಿಸಬೇಕು.

ಪಾವಗಡ ಬಿಸಿಲು
ಈಗ ಫಿಲ್ಟರ್ ನೀರು. ತಂದೆಗೆ ತಡವಾಯಿತು, ಮಕ್ಕಳಿಗೆ ಆಗಲಿಲ್ಲ.

ಕೆಜಿಎಫ್ ಮಗಳು
ತುಮಕೂರಿನ ಮಾತುಕತೆಗೆ ಕೋಲಾರದವಳು ನುಗ್ಗಿದ್ದಕ್ಕೆ ಬೇಜಾರಿಲ್ಲ ತಾನೇ? ಎಕ್ಸ್‌ರೇ ಅಂದರೆ ನಮ್ಮ ಊರನ್ನು ಬಿಡುವ ಹಾಗಿಲ್ಲ.

ನಮ್ಮಪ್ಪ ಗಣಿಯಲ್ಲಿ ಕೆಲಸ ಮಾಡಿದವರು. ಬಂಡೆ ಕೊರೆಯುವಾಗ ಏಳುವ ಧೂಳು ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ಆಗುತ್ತದೆ. ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದೇ ಕೋಲಾರ ಚಿನ್ನದ ಗಣಿಯಿಂದ, 1947ರಲ್ಲಿ. ಆ ಅಧ್ಯಯನ ಮಾಡಿದವರಲ್ಲಿ ಒಬ್ಬರು ಡಾಕ್ಟರ್ ಕ್ಯಾಪ್ಲನ್. ಆಮೇಲೆ ಅವರು ವೇಲ್ಸ್‌ಗೆ ಹೋಗಿ ಕಲ್ಲಿದ್ದಲು ಗಣಿಯವರ ಎದೆ ಎಕ್ಸ್‌ರೇ ನೋಡಿದರು. ಕೀಲುವಾತ ಇದ್ದವರ ಶ್ವಾಸಕೋಶದಲ್ಲಿ ಬೇರೆಯೇ ಥರದ ದುಂಡು ಗಂಟುಗಳು ಕಂಡವು. 1953ರಲ್ಲಿ ಅದನ್ನು ಬರೆದರು. ಇವತ್ತಿಗೂ ಡಾಕ್ಟರುಗಳು ಓದುವ ಕ್ಯಾಪ್ಲನ್ ಸಿಂಡ್ರೋಮ್ ಅದೇ.

ನಮ್ಮ ಮನೆಯಲ್ಲಿ ಅಕ್ಕಿ ಡಬ್ಬದ ಹಿಂದೆ ಕಂದು ಕವರಿನಲ್ಲಿ ಅಪ್ಪನ ಎದೆ ಫಿಲಂಗಳು. ರೇಷನ್ ಕಾರ್ಡಿಗಿಂತ ಜೋಪಾನ. ಸಿಲಿಕೋಸಿಸ್‌ಗೆ ಪರಿಹಾರ ಕೇಳುವಾಗ ಎಕ್ಸ್‌ರೇ ಬೇಕು. ಒಂದೇ ಫಿಲಂ ಸಾಲದು, ಹಳೇದು ಹೊಸದು ಪಕ್ಕ ಇಟ್ಟರೆ ಚುಕ್ಕೆಗಳು ಹೇಗೆ ಜಾಸ್ತಿಯಾದವು ಅಂತ ಗೊತ್ತಾಗುತ್ತದೆ. ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿತು. ಮುಚ್ಚಿದ ಮೇಲೂ ಧೂಳು ಎದೆಯಲ್ಲೇ ಇರುತ್ತದೆ ಅಲ್ವಾ? ಗಣಿಗೆ ಹೋಗುವುದು ನಿಂತ ಎಷ್ಟೋ ವರ್ಷದ ಮೇಲೂ ಅದು ಬೆಳೆಯುತ್ತದೆ. ಹಳೇ ಫಿಲಂ ಎಸೆಯಬೇಡಿ ಅಂತ ಹೇಳಲು ಬಂದೆ.

ಡಾರ್ಕ್‌ರೂಂ ಮಾವ
ತಾಯಿ, ನಿಮ್ಮ ಮಾತು ಬಂಗಾರ. ಹಳೇ ಫಿಲಂ ಎದುರಿಗಿದ್ದರೆ ಎಷ್ಟೋ ಸಲ ಹೊಸದೇ ಬೇಕಾಗಲ್ಲ. ಹತ್ತು ವರ್ಷದಿಂದ ಅಲುಗದೆ ಕೂತ ಕಲೆಗೆ ಯಾರೂ ಹೆದರುವುದಿಲ್ಲ, ಹೊಸದಾಗಿ ಬಂದದ್ದಕ್ಕೆ ಹೆದರಬೇಕು.

ಕೊರಟಗೆರೆ ಕುಮಾರಿ
ಮಾವ, ನಮ್ಮ ಮನೆಯ ಫಿಲಂ ಕಪ್ಪಾಗಿಬಿಟ್ಟಿದೆ. ಕಾರಿನಲ್ಲಿ ಮರೆತು ಬಿಟ್ಟಿದ್ದರು ಅಣ್ಣ. ಬಿಸಿಲಿಗೆ ಹೀಗಾಗುತ್ತಾ? ತಾತನ ಕಾಲದ ಫಿಲಂ ಮಾತ್ರ ಇನ್ನೂ ಗಾಜಿನ ಹಾಗಿದೆ.

ಡಾರ್ಕ್‌ರೂಂ ಮಾವ
ಆಗುತ್ತದಮ್ಮ. ಈಗಿನದು ಡ್ರೈ ಫಿಲಂ. ಪ್ರಿಂಟರ್ ಒಳಗೆ ಶಾಖ ಕೊಟ್ಟೇ ಚಿತ್ರ ಮೂಡಿಸುತ್ತಾರೆ. ಮತ್ತೆ ಶಾಖ ತಗುಲಿದರೆ ಉಳಿದದ್ದೂ ಕಪ್ಪಾಗುತ್ತದೆ. ಬಿಸಿಲಲ್ಲಿ ನಿಂತ ಕಾರು, ಟಿ.ವಿ. ಹಿಂದೆ, ಗ್ಯಾಸ್ ಒಲೆ ಮೇಲಿನ ಅಟ್ಟ, ಎಲ್ಲಿಯೂ ಇಡಬೇಡಿ.

ತಾತನದು ತೊಳೆದ ಫಿಲಂ. ಅದರ ಗಮ್ಮತ್ತೇ ಬೇರೆ! ಕತ್ತಲೆ ಕೋಣೆ, ಒಂದು ಕೆಂಪು ಬಲ್ಬು. ಕ್ಯಾಸೆಟ್ ಬಿಚ್ಚಿ ಫಿಲಂ ತೆಗೆದು ಹ್ಯಾಂಗರ್‌ಗೆ ಸಿಕ್ಕಿಸಿ ಡೆವಲಪರ್ ತೊಟ್ಟಿಗೆ ಇಳಿಸುವುದು. ಡೆವಲಪರ್ 20 ಡಿಗ್ರಿ ಇದ್ದರೆ ಸುಮಾರು ಐದು ನಿಮಿಷ. ತುಮಕೂರಿನ ಏಪ್ರಿಲ್‌ನಲ್ಲಿ 20 ಡಿಗ್ರಿ ಎಲ್ಲಿಂದ ತರೋಣ? ಪ್ಲಾಸ್ಟಿಕ್ ಕವರಿಗೆ ಐಸ್ ತುಂಬಿ ತೊಟ್ಟಿಗೆ ಇಳಿಬಿಡುತ್ತಿದ್ದೆವು. ಆಮೇಲೆ ನೀರಲ್ಲಿ ಅದ್ದಿ ಫಿಕ್ಸರ್, ಮತ್ತೆ ಹರಿಯುವ ನೀರು, ಆಮೇಲೆ ತಂತಿಗೆ ಕ್ಲಿಪ್ ಹಾಕಿ ನೇತುಹಾಕುವುದು. ಆಕ್ಸಿಡೆಂಟ್ ಕೇಸ್ ಬಂದರೆ ಡಾಕ್ಟರ್ ಬಾಗಿಲಲ್ಲೇ ನಿಂತಿರುತ್ತಿದ್ದರು, ನೀರು ತೊಟ್ಟಿಕ್ಕುತ್ತಿರುವಾಗಲೇ ಎತ್ತಿ ನೋಡುತ್ತಿದ್ದರು. ಫಿಕ್ಸರ್ ವಾಸನೆ ಶರ್ಟಿನಿಂದ ಹೋಗುತ್ತಿರಲಿಲ್ಲ. ಮನೆಯಾಕೆ ನನ್ನ ಬಟ್ಟೆ ಬೇರೆಯೇ ಒಗೆಯುತ್ತಿದ್ದಳು.

ಈಗಿನ ಹುಡುಗರಿಗೆ ಫಿಲಂ ಬದಲು ಡಿ.ಆರ್. (ಡಿಜಿಟಲ್) ಪ್ಯಾನೆಲ್. ಗುಂಡಿ ಒತ್ತಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಚಿತ್ರ. ಕೆ.ವಿ., ಎಂ.ಎ.ಎಸ್., ಅಂದರೆ ಕಿರಣದ ಶಕ್ತಿ, ಪ್ರಮಾಣ, ಹೆಚ್ಚುಕಮ್ಮಿ ಆದರೂ ಕಂಪ್ಯೂಟರ್ ಸರಿಮಾಡಿಬಿಡುತ್ತದೆ. ಅದರಲ್ಲೇ ಒಂದು ಮೋಸ ಇದೆ. ನಮ್ಮ ಕಾಲದಲ್ಲಿ ಕಿರಣ ಜಾಸ್ತಿಯಾದರೆ ಫಿಲಂ ಕರ್ರಗೆ, ಎಲ್ಲರಿಗೂ ಕಾಣುತ್ತಿತ್ತು, ಬೈಗುಳ ಬೀಳುತ್ತಿತ್ತು. ಈಗ ಜಾಸ್ತಿ ಕೊಟ್ಟರೂ ಚಿತ್ರ ಇನ್ನೂ ಚೆನ್ನಾಗೇ ಕಾಣುತ್ತದೆ. ಬೈಯುವವರು ಇಲ್ಲ.

ಮಧುಗಿರಿ ಮೇಷ್ಟ್ರು
ಇದು ನನಗೂ ಹೊಸದು ಮಾವ. ಒಂದು ಅನುಮಾನ ಕೇಳಲಾ? ಒತ್ತುವುದಕ್ಕೆ ಮೊದಲು ಯಂತ್ರ ಗುಂಯ್ ಅಂತ ಸದ್ದು ಮಾಡುತ್ತದಲ್ಲ, ಅದು ಟ್ಯೂಬ್ ಒಳಗೆ ಕಿರಣ ಹುಟ್ಟುವ ತಟ್ಟೆ, ಆನೋಡ್, ತಿರುಗುವುದು ತಾನೇ?

ಡಾರ್ಕ್‌ರೂಂ ಮಾವ
ಹೌದು ಮೇಷ್ಟ್ರೇ. ಅರ್ಧ ಒತ್ತಿದರೆ ಟಂಗ್‌ಸ್ಟನ್ ತಟ್ಟೆ ತಿರುಗುತ್ತದೆ, ನಿಮಿಷಕ್ಕೆ ಸುಮಾರು 3000 ಸುತ್ತು. ಪೂರ್ತಿ ಒತ್ತಿದರೆ ಎಕ್ಸ್‌ಪೋಷರ್. ಒಳಗೆ ಹೋದ ಕರೆಂಟಿನಲ್ಲಿ ಎಕ್ಸ್‌ರೇ ಆಗುವುದು ನೂರಕ್ಕೆ ಒಂದು ಪಾಲು, ಉಳಿದದ್ದೆಲ್ಲ ಶಾಖ. ತಟ್ಟೆ ನಿಂತಲ್ಲೇ ನಿಂತರೆ ಒಂದೇ ಜಾಗ ಕರಗಿ ಗುಳಿ ಬೀಳುತ್ತದೆ. ಜನ ಆ ಸದ್ದು ಕೇಳಿಯೇ ಕಿರಣ ಬಂತು ಅಂತ ಕಣ್ಣು ಮುಚ್ಚಿಕೊಳ್ಳುತ್ತಾರೆ. ಸದ್ದು ಶುರುವಾದಾಗ ಕಿರಣ ಇನ್ನೂ ಬಂದೇ ಇರುವುದಿಲ್ಲ.

ತಿಪಟೂರು ತೆಂಗು
ಎಲ್ಲ ಸರಿ, ಮೂಲ ಪ್ರಶ್ನೆ ಎಲ್ಲಿ ಹೋಯಿತು? ಹಳೇದು ಯಾಕೆ ಆಗಲ್ಲ ಅಂದರೆ ಯಾರೂ ಹೇಳುತ್ತಿಲ್ಲ. ಕಮಿಷನ್ ಅಂತ ಒಪ್ಪಿಕೊಳ್ಳಿ.

ಬಿಳಿ ಕೋಟು
ಕೆಲವು ಕಡೆ ಇರಬಹುದು. ಆದರೆ ನ್ಯಾಯವಾದ ಕಾರಣಗಳೂ ಇವೆ. ಫಿಲಂ ಮೇಲೆ ಹೆಸರು, ತಾರೀಖು ಸರಿ ಇರುವುದಿಲ್ಲ. ಉಸಿರು ಪೂರ್ತಿ ಎಳೆದಿರುವುದಿಲ್ಲ, ಶ್ವಾಸಕೋಶದ ಕೆಳಭಾಗ ಮುಚ್ಚಿಹೋಗಿರುತ್ತದೆ. ಮೈ ಸ್ವಲ್ಪ ತಿರುಗಿರುತ್ತದೆ. ನ್ಯುಮೋನಿಯಾ ಇದ್ದರೆ ಎರಡು ದಿನದಲ್ಲೇ ಚಿತ್ರ ಬದಲಾಗುತ್ತದೆ. ಇನ್ನು ಎ4 ಕಾಗದದ ಮೇಲೆ ಪ್ರಿಂಟ್ ಹೊಡೆದು ಕೊಡುತ್ತಾರಲ್ಲ, ಅದರಲ್ಲಿ ಸಣ್ಣ ಚುಕ್ಕೆ ಏನೂ ಕಾಣುವುದಿಲ್ಲ. ವಾಟ್ಸಾಪ್ ಫೋಟೋ ಅಂತೂ ಕೇಳಲೇಬೇಡಿ. ಕಿಟಕಿಗೆ ಹಿಡಿದು ಮೊಬೈಲ್‌ನಲ್ಲಿ ಹೊಡೆದದ್ದು, ಮಧ್ಯದಲ್ಲಿ ಫ್ಯಾನ್ ನೆರಳು.

ಅದಕ್ಕೇ ಲ್ಯಾಬ್‌ನಲ್ಲಿ ಫಿಲಂ ಜೊತೆ ಡೈಕಾಂ ಫೈಲ್ ಕೇಳಿ. ಸಿ.ಡಿ., ಪೆನ್‌ಡ್ರೈವ್, ಲಿಂಕ್, ಯಾವುದಾದರೂ ಸರಿ. ಅದು ಅಸಲಿ ಚಿತ್ರ. ಬೇರೆ ಆಸ್ಪತ್ರೆಯ ಕಂಪ್ಯೂಟರ್‌ನಲ್ಲೂ ತೆರೆಯುತ್ತದೆ. ಅದು ಕೈಯಲ್ಲಿದ್ದೂ "ನಮ್ಮಲ್ಲೇ ತೆಗೆಸಿ" ಅಂದರೆ, "ಇದರಲ್ಲಿ ಏನು ಕಾಣುತ್ತಿಲ್ಲ ಡಾಕ್ಟ್ರೇ?" ಅಂತ ಕೇಳಿ. ಕೇಳುವ ಹಕ್ಕು ನಿಮಗಿದೆ. ಉತ್ತರ ಇಲ್ಲದಿದ್ದರೆ ತಿಪಟೂರಿನವರ ಮಾತು ನೆನಪಿಸಿಕೊಳ್ಳಿ.

ತಿಪಟೂರು ತೆಂಗು
ಅಬ್ಬಾ, ಕೊನೆಗೂ ಒಬ್ಬ ಡಾಕ್ಟರ್ ಒಪ್ಪಿದರು.

ಗುಬ್ಬಿ ಗೇಟ್ ನಿವಾಸಿ
ಲ್ಯಾಬ್‌ಗೆ ಹೋಗಿ ಕೇಳಿದೆ. ಮೊದಲು ಇಲ್ಲ ಅಂದರು. ಡೈಕಾಂ ಅಂದ ತಕ್ಷಣ ಪೆನ್‌ಡ್ರೈವ್ ಕೊಡಿ ಅಂದರು 😀 ಅಮ್ಮನ ಕಫ ಕೊಟ್ಟು ಬಂದಿದ್ದೇವೆ, ರಿಪೋರ್ಟ್ ಬರಬೇಕು. ಹೃದಯದ ಡಾಕ್ಟರ್ ಎರಡೂ ಫಿಲಂ ನೋಡಿ, ಎಕ್ಸ್‌ರೇ ಬೇಡ, ಎಕೋ ಸಾಕು ಅಂದರು. ಎಲ್ಲರಿಗೂ ಧನ್ಯವಾದ.

ಕಲ್ಪತರು ನಾಡು
ಹಳೇ ಫಿಲಂನಲ್ಲಿ ಬೆಳ್ಳಿ ಇದೆ, ಗುಜರಿಯವರು ಕೊಳ್ಳುತ್ತಾರೆ ಅಂತಾರೆ, ನಿಜಾನಾ? ನಮ್ಮ ಮನೆಯಲ್ಲಿ ಒಂದು ಕಟ್ಟು ಇದೆ.

ಡಾರ್ಕ್‌ರೂಂ ಮಾವ
ನಿಜ. ಫಿಲಂ ಮೇಲಿನ ಕಪ್ಪು ಅಂದರೆ ಬೆಳ್ಳಿಯೇ. ಫಿಕ್ಸರ್ ನೀರಿನಲ್ಲೂ ಕರಗಿ ಸೇರಿಕೊಳ್ಳುತ್ತದೆ, ಅದನ್ನೂ ಕೊಳ್ಳುವವರು ಆಸ್ಪತ್ರೆಗೆ ಬರುತ್ತಿದ್ದರು. ನಿಮ್ಮ ಒಂದು ಕಟ್ಟಿಗೆ ಒಂದು ಕಾಲುಂಗುರವೂ ಆಗಲ್ಲ, ಸುಮ್ನೆ ಇಟ್ಟುಕೊಳ್ಳಿ. ಕೆಜಿಎಫ್ ಅಕ್ಕ ಹೇಳಿದ್ದು ಕೇಳಲಿಲ್ವಾ?

ಶಿರಾ ಸೀಮೆ
ಗ್ರಹಣ ನೋಡುವುದಕ್ಕೆ ಇಟ್ಟುಕೊಳ್ಳಬಹುದು.

ಬಿಳಿ ಕೋಟು
ಬೇಡ!! ಎಕ್ಸ್‌ರೇ ಫಿಲಂನಲ್ಲಿ ಗ್ರಹಣ ನೋಡಬೇಡಿ. ಬೆಳಕು ಕಮ್ಮಿ ಕಾಣುತ್ತದೆ, ಕಣ್ಣಿಗೆ ಕಾಣದ ಕಿರಣ ಒಳಗೆ ನುಗ್ಗುತ್ತದೆ. ರೆಟಿನಾ ಸುಟ್ಟರೆ ನೋವೂ ಗೊತ್ತಾಗಲ್ಲ. ಅದಕ್ಕೇ ಅಂತ ಮಾಡಿದ ಕನ್ನಡಕ ತೆಗೆದುಕೊಳ್ಳಿ.

ಕೊರಟಗೆರೆ ಕುಮಾರಿ
ಮಾವ, ಕೊನೆ ಪ್ರಶ್ನೆ. ನನ್ನ ತಂಗಿ ಇಮೇಜಿಂಗ್ ಡಿಪ್ಲೊಮಾ ಸೇರುತ್ತೇನೆ ಅನ್ನುತ್ತಿದ್ದಾಳೆ. ಮನೆಯಲ್ಲಿ ಅಮ್ಮ ಒಪ್ಪುತ್ತಿಲ್ಲ. ಹೆಣ್ಣುಮಗು, ಕಿರಣದ ಕೆಲಸ, ನಾಳೆ ಮದುವೆ ಮಕ್ಕಳು ಅಂತ ಒಂದೇ ಸಮನೆ ಅಳು.

ಡಾರ್ಕ್‌ರೂಂ ಮಾವ
ಸೇರಲಿ ಬಿಡಮ್ಮ. ನನ್ನ ಹತ್ತಿರ ಕಲಿತ ಎಷ್ಟೋ ಹೆಣ್ಣುಮಕ್ಕಳು ಈಗ ಚೆನ್ನಾಗಿ ಕೆಲಸ ಮಾಡುತ್ತಿದ್ದಾರೆ, ಮಕ್ಕಳೂ ಇದ್ದಾರೆ. ಕೆಲಸದವರಿಗೆ ಮಿತಿ ಅಂತ ಇದೆ. ಐದು ವರ್ಷದ ಸರಾಸರಿ ತೆಗೆದರೆ ವರ್ಷಕ್ಕೆ 20 ಮಿಲಿಸೀವರ್ಟ್, ಯಾವ ಒಂದು ವರ್ಷದಲ್ಲೂ 30 ದಾಟಬಾರದು. ಗೋಡೆ ಹಿಂದೆ ನಿಂತು ಕೆಲಸ ಮಾಡುವವರು ಅದರ ಹತ್ತಿರಕ್ಕೂ ಹೋಗುವುದಿಲ್ಲ. ಗರ್ಭಿಣಿ ಆದರೆ ತಕ್ಷಣ ಮೇಲಿನವರಿಗೆ ತಿಳಿಸಬೇಕು, ಆಗ ಕೆಲಸ ಬದಲಾಯಿಸಿ ಕೊಡುತ್ತಾರೆ.

ಮೊದಲ ದಿನವೇ ಟಿ.ಎಲ್.ಡಿ. ಬ್ಯಾಡ್ಜ್ ಕೇಳಿ ಪಡೆಯಲಿ, ಮೈಗೆ ಎಷ್ಟು ಕಿರಣ ಬಿತ್ತು ಅಂತ ಅಳೆಯುವುದು ಅದೇ. ಎದೆ ಮಟ್ಟದಲ್ಲಿ, ಸೀಸದ ಏಪ್ರನ್ ಒಳಗಡೆ ಹಾಕಬೇಕು. ಮೂರು ತಿಂಗಳಿಗೊಮ್ಮೆ ಅದನ್ನು ಕಳಿಸಿ ಓದಿಸುತ್ತಾರೆ. ಆ ಓದು ಏನು ಬಂತು ಅಂತ ಪ್ರತಿ ಸಲ ಕೇಳಬೇಕು. ಬ್ಯಾಡ್ಜ್ ಬೀರುವಿನಲ್ಲಿಟ್ಟು ಕೆಲಸ ಮಾಡುವವರೂ ಇದ್ದಾರೆ, ಯಂತ್ರದ ಪಕ್ಕದ ಮೊಳೆಗೇ ನೇತುಹಾಕಿ ಮನೆಗೆ ಹೋಗುವವರೂ ಇದ್ದಾರೆ. ಆಮೇಲೆ ರೀಡಿಂಗ್ ಜಾಸ್ತಿ ಬಂತು ಅಂತ ಗಾಬರಿ. ಏಪ್ರನ್ ಮಡಚಿ ಇಡಬಾರದು, ಒಳಗಿನ ಸೀಸ ಬಿರುಕು ಬಿಡುತ್ತದೆ, ಹ್ಯಾಂಗರ್‌ಗೆ ಹಾಕಬೇಕು. ಮಗುವನ್ನು ಹಿಡಿದುಕೊಳ್ಳಿ ಅಂತ ಯಾರಾದರೂ ಅಂದರೆ ತಾನು ಹಿಡಿಯಬಾರದು, ಮಗುವಿನ ಅಪ್ಪನಿಗೆ ಏಪ್ರನ್ ಹಾಕಿ ಹಿಡಿಸಬೇಕು.

ಅಮ್ಮನಿಗೆ ನಂಬಿಕೆ ಬಾರದಿದ್ದರೆ ನನ್ನ ಹತ್ತಿರ ಮಾತಾಡಿಸಿ.